ಪಟ್ಟಿಯಲ್ಲಿ ಇಲ್ಲದ ಇಗರ್ಜಿ

ನಾನು ನಿವೃತ್ತಳಾದ ವರ್ಷವೇ ನಮ್ಮ ಕಡೆ ಒಂದು ಸೈಕಲ್ ದಾರಿ ಶುರುವಾಯಿತು. ಭಟ್ಕಳದ ಕಲ್ಲಿನ ಬಸದಿಗಳ ಹತ್ತಿರ ಹೊರಟು, ಹೊನ್ನಾವರದಲ್ಲಿ ಶರಾವತಿಯ ದಂಡೆ ಹಿಡಿದು ಹಳೇ ಚರ್ಚುಗಳನ್ನು ಹಾದು, ಕುಮಟೆಯ ಕಾಡಂಚಿನ ಗವಿಗಳಲ್ಲಿ ಅದು ಮುಗಿಯುತ್ತದೆ. ಚರ್ಚಿಗೆ ನಮ್ಮಲ್ಲಿ ಇಗರ್ಜಿ ಎನ್ನುತ್ತೇವೆ. ಪೇಟೆಯ ಜನ ತಲೆಗೆ ಟೊಪ್ಪಿ ಬಿಗಿದುಕೊಂಡು ಬಂದು ಮೂರು ದಿನದಲ್ಲಿ ಈ ದಾರಿ ತುಳಿದು ಮುಗಿಸುತ್ತಾರೆ. ಅದರ ಬಣ್ಣದ ಕೈಪುಸ್ತಕವೊಂದು ನನ್ನ ಕೈಗೂ ಬಂತು. ಮೊದಲ ಪುಟದಲ್ಲೇ ‘ಯಾರ ಕಣ್ಣಿಗೂ ಬೀಳದೆ ಉಳಿದ ತಾಣಗಳು’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಓದಿ ಮೈ ಉರಿದುಹೋಯಿತು. ಮೂವತ್ತಾರು ವರ್ಷ ನಾನು ಆ ತಾಣಗಳನ್ನು ಕಾದವಳು. ನನ್ನವು ಕಣ್ಣಲ್ಲವೇ? ಅಲ್ಲಿ ದೀಪ ಹಚ್ಚುವವರದು, ಅಂಗಳ ಗುಡಿಸುವವರದು, ಆ ನೆರಳಲ್ಲಿ ಬುತ್ತಿ ಬಿಚ್ಚಿ ಉಣ್ಣುವವರದು ಕಣ್ಣಲ್ಲವೇ?

ಮೊನ್ನೆ ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಕಾಯ್ಕಿಣಿಯ ನಮ್ಮ ಮನೆಗೆ ಬಂದು, “ಅಕ್ಕಾ, ಕೆಲಸ ಹ್ಯಾಂಗೆ? ಎಂತ ಮಾಡ್ಬೇಕು?” ಎಂದು ಕೇಳಿದರು. ಒಂದು ಲೋಟ ಚಹಾ ಮುಗಿಯುವುದರೊಳಗೆ ಹೇಳುವ ಮಾತು ಅದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹುದ್ದೆಯ ಹೆಸರು ಸ್ಮಾರಕ ಪರಿಚಾರಕಿ. ಪುರಾತತ್ವ ಇಲಾಖೆಯ ಪಟ್ಟಿಯಲ್ಲಿರುವ ಬಸದಿ, ಗುಡಿ, ವೀರಗಲ್ಲು, ಗವಿಗಳಿಗೆ ಸರದಿಯ ಮೇಲೆ ಹೋಗಿ, ಗುಡಿಸಿ, ಬೇರು ಕಿತ್ತು, ಬಾಗಿಲಿನ ಬೀಗ ನೋಡಿ, ವಹಿಯಲ್ಲಿ ಬರೆದು ಬರುವ ಕೆಲಸ. ಈ ಸುತ್ತಿಗೆ ನಾವು ಬೀಟು ಅನ್ನುತ್ತಿದ್ದೆವು. ಮೊದಲು ಇದನ್ನು ಮಾಡುತ್ತಿದ್ದವರು ನನ್ನ ಅಪ್ಪ. ಅವರು ಕೆಲಸದಲ್ಲಿದ್ದಾಗಲೇ ತೀರಿಕೊಂಡದ್ದರಿಂದ ಅನುಕಂಪದ ಆಧಾರದ ಮೇಲೆ ನನಗೆ ಕೊಟ್ಟರು. ಆಗ ನನಗೆ ಇಪ್ಪತ್ತನಾಲ್ಕು.

ಆಗಿನ ಅಧಿಕಾರಿ ದೇಸಾಯಿ ಸಾಹೇಬರು ಆದೇಶದ ಕಾಗದ ನೋಡಿ, ನನ್ನನ್ನು ನೋಡಿ, “ಹೆಂಗಸರಿಗೆ ಬೀಟ್ ಆಗೂದಿಲ್ಲ. ಆಫೀಸಿನಾಗ ಚಹಾ ಮಾಡ್ಕೊಂಡು, ಕಸ ಹೊಡ್ಕೊಂಡು ಇರು” ಎಂದರು.

“ಸರ್, ಕಾಗದದಲ್ಲಿ ಪರಿಚಾರಕಿ ಅಂದೇಳಿ ಬರ್ದಿದ್ರು. ಚಹಾ ಅಂದೇಳಿ ಬರೀಲಿಲ್ಲ.”

“ಸೈಕಲ್ ಹೊಡೀಲಿಕ್ಕೆ ಬರ್ತದೇನು?”

ಬರುತ್ತಿರಲಿಲ್ಲ. “ಬರ್ತದೆ” ಎಂದೆ. ಹಾಗೆ ಸುಳ್ಳಿನಿಂದಲೇ ನನ್ನ ಸರಕಾರಿ ಸೇವೆ ಆರಂಭವಾಯಿತು. ಸೋಮವಾರ ಬೀಟು ಶುರು ಎಂದರು. ನಡುವೆ ಇದ್ದದ್ದು ನಾಲ್ಕು ದಿನ. ಮನೆಯಲ್ಲಿ ಅಪ್ಪನ ಸೈಕಲ್ಲು ಇತ್ತು, ನಡುವೆ ಅಡ್ಡಪಟ್ಟಿ ಇರುವ ಗಂಡಸರ ಸೈಕಲ್ಲು. ಗದ್ದೆ ಕೊಯ್ಲಾಗಿತ್ತು. ನನ್ನ ಅತ್ತಿಗೆ ಹಿಂದಿನಿಂದ ಸೀಟು ಹಿಡಿದು ಓಡಿದಳು, ನಾನು ಸೀರೆಯನ್ನು ಕಚ್ಚೆ ಕಟ್ಟಿಕೊಂಡು ತುಳಿದೆ. ಎಷ್ಟು ಸಲ ಬಿದ್ದೆನೋ. ಮೂರನೇ ದಿನ ಅತ್ತಿಗೆ ಕೈಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ. ಗದ್ದೆಯ ಆ ತುದಿಯಲ್ಲಿ ತಿರುಗಿ ನೋಡಿದರೆ ಅವಳು ದೂರದಲ್ಲಿ ಕೂತು ನಗುತ್ತಿದ್ದಳು.

ಸೋಮವಾರ ಹೆಬಳೆಯ ದಾರಿಯಿಂದ ಭಟ್ಕಳ ಪೇಟೆಯೊಳಗೆ ಹೋದಾಗ ಅಂಗಡಿಗಳ ಮುಂದೆ ನಿಂತವರು ಕೇಕೆ ಹಾಕಿದರು. ಒಬ್ಬ ಹಿಂದೆಯೇ ಓಡಿ ಬಂದ. ಕಣ್ಣೀರು ಬಂತು, ಆದರೆ ಕೆಳಗಿಳಿದರೆ ಅಡ್ಡಪಟ್ಟಿ ದಾಟಿ ಮತ್ತೆ ಹತ್ತಲು ಬಾರದು ಎಂಬ ಹೆದರಿಕೆಗೆ ತುಳಿಯುತ್ತಲೇ ಹೋದೆ. ಬಸದಿಯ ಪಕ್ಕದ ಮನೆಯ ಜುಲೇಖಾಬಿ ಎಂಬ ನವಾಯತ ಮುಸಲ್ಮಾನರ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನೀರು ಕೊಟ್ಟು, “ನಿಮ್ಮ ಅಪ್ಪ ಇಲ್ಲೇ ಕೂತ್ಕಂಡು ನೀರು ಕುಡೀತಿದ್ರು. ನೀ ಅಳ್ಬೇಡ, ನಾಳೆ ಬಾ” ಎಂದರು. ಬಸದಿಯ ಗೋಡೆಗೆ ಚೆಂಡು ಹೊಡೆಯುವವರನ್ನು ಆಕೆ ಗದರಿಸಿ ಓಡಿಸುತ್ತಿದ್ದಷ್ಟು ನಾನೂ ಓಡಿಸಲಿಲ್ಲ. ಕೈಪುಸ್ತಕದ ಲೆಕ್ಕದಲ್ಲಿ ಆಕೆಯೂ ‘ಯಾರೂ’ ಅಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ಬೇರೆಯವರ ಮೇಲೆ ಸಿಟ್ಟು ಮಾಡುವ ಮೊದಲು ಇದನ್ನು ಹೇಳದಿದ್ದರೆ ನ್ಯಾಯವಲ್ಲ.

ಸೇರಿ ಮೂರು ವರ್ಷವಾಗಿತ್ತು. ದೊಡ್ಡವರು ಯಾರೋ ನೋಡಲು ಬರುತ್ತಾರೆಂದು ದೇಸಾಯಿ ಸಾಹೇಬರು ಹಿಂದಿನ ದಿನ ಜೀಪಿನಲ್ಲಿ ಬಂದರು. ಬಸದಿಯ ಅಂಗಳದಲ್ಲಿದ್ದ ಶಾಸನದ ಕಲ್ಲಿಗೆ ಪಾಚಿ ಹಿಡಿದಿತ್ತು. “ಇದನ್ನ ಸ್ವಚ್ಛ ಮಾಡು, ನಾಳಿಗೆ ಫಳಫಳ ಅನ್ನಬೇಕು” ಎಂದರು. ಹೇಗೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೋಡಾಪುಡಿ ಹಾಕಿ, ತಂತಿಯ ಬ್ರಶ್ಶಿನಿಂದ ಮಧ್ಯಾಹ್ನವಿಡೀ ತಿಕ್ಕಿದೆ. ಪಾಚಿ ಹೋಯಿತು, ಕಲ್ಲು ಬೆಳ್ಳಗಾಯಿತು. ಸಾಹೇಬರು ಮೆಚ್ಚಿದರು. ಬಂದ ದೊಡ್ಡವರು ಕಲ್ಲಿನ ಕಡೆ ನೋಡಲೂ ಇಲ್ಲ.

ಎರಡು ತಿಂಗಳ ಮೇಲೆ ಶಾಸನ ಓದುವ ಒಬ್ಬ ವಯಸ್ಸಾದ ಮೇಷ್ಟ್ರು ಬಂದರು. ಕಲ್ಲಿನ ಮುಂದೆ ಕೂತು ಅಂಗೈಯನ್ನು ಸಾಲುಗಳ ಮೇಲೆ ನಿಧಾನ ಆಡಿಸಿದರು. ಕೆಳಗಿನ ಕಡೆ ಕೈ ನಿಂತಿತು. “ಇದನ್ನು ಯಾರು ತಿಕ್ಕಿದ್ದು?”

“ನಾನು ಸರ್.”

“ಕೊನೆಯ ಎರಡು ಸಾಲು ಹೋಗಿಬಿಟ್ಟಿವೆಯಲ್ಲಮ್ಮ. ಇದರ ಅಚ್ಚು ಹಿಂದೆ ಯಾರೂ ತೆಗೆದಿಲ್ಲ. ಇನ್ನು ಅದರಲ್ಲಿ ಏನಿತ್ತು ಅಂತ ಯಾರಿಗೂ ತಿಳಿಯುವುದಿಲ್ಲ.”

ಅವರು ಬೈದಿದ್ದರೆ ಚೆನ್ನಾಗಿತ್ತು. ಬದಲಿಗೆ ಆ ದಿನ ಪೂರ್ತಿ ಕೂತು, ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ ಬ್ರಶ್ಶಿನಿಂದ ತಟ್ಟಿ ಅಕ್ಷರದೊಳಗೆ ಇಳಿಸುವುದು, ಅರ್ಧ ಒಣಗಿದ ಮೇಲೆ ಮಸಿಯ ಗಾದಿಯಿಂದ ಮೆಲ್ಲಗೆ ಒತ್ತುವುದು, ಎಲ್ಲ ಕಲಿಸಿ ಹೋದರು. ಆಮೇಲೆ ನನ್ನ ಬೀಟಿನ ಅಕ್ಷರದ ಕಲ್ಲುಗಳಿಗೆಲ್ಲ ಅಚ್ಚು ತೆಗೆದಿಟ್ಟೆ. ಆ ಎರಡು ಸಾಲು ಮಾತ್ರ ನನ್ನ ಕೈಯಿಂದಲೇ ಹೋದವು. ಯಾರ ಹೆಸರಿತ್ತೋ, ಯಾರು ಯಾರಿಗೆ ಗದ್ದೆ ಬಿಟ್ಟಿದ್ದರೋ.

ಮೇಷ್ಟ್ರು ಮೇಲಿನ ಕಚೇರಿಗೆ ಒಂದು ಪತ್ರ ಬರೆದರು. ಕಾರಣ ಕೇಳಿ ನೋಟೀಸು ಬಂದದ್ದು ನನಗೆ. ದೇಸಾಯಿ ಸಾಹೇಬರು, “ನಾನು ಅಂಥಾ ಆದೇಶ ಕೊಟ್ಟೇ ಇಲ್ಲ” ಎಂದು ಬರೆದುಕೊಟ್ಟಿದ್ದರು. ಆಮೇಲೆ ಯಾವ ಅಧಿಕಾರಿ ಬಾಯಲ್ಲಿ ಏನು ಹೇಳಿದರೂ, “ಬರ್ದು ಕೊಡಿ ಸರ್” ಎನ್ನುವುದು ನನಗೆ ಅಭ್ಯಾಸವಾಯಿತು. ಅದಕ್ಕೆ ಮೊಂಡಿ ಎಂಬ ಹೆಸರೂ ಬಂತು. ಹುಡುಗಿಯರೇ, ಮೊಂಡಿ ಅನ್ನಿಸಿಕೊಳ್ಳಿ. ಕಲ್ಲಿಗೂ ಕ್ಷೇಮ, ನಿಮಗೂ ಕ್ಷೇಮ.

ಹನ್ನೆರಡು ವರ್ಷ ಭಟ್ಕಳ ಕಳೆದ ಮೇಲೆ ನನ್ನನ್ನು ಕುಮಟೆಯ ಬೀಟಿಗೆ ಹಾಕಿದರು. ಆ ಕಾಡಂಚಿನಲ್ಲಿ ಒಂದು ಗವಿಯಿದೆ. ಬಾಯಿ ಕಿರಿದು, ಬಗ್ಗಿ ಹೋಗಬೇಕು, ಒಳಗೆ ಒಂದು ಚಾವಡಿಯಷ್ಟು ಜಾಗ, ಮೇಲೆಲ್ಲ ಬಾವಲಿಗಳು. ಒಂದು ದಿನ ಮಟಮಟ ಮಧ್ಯಾಹ್ನ ಹೋದರೆ ಒಳಗಿನಿಂದ ಗುದ್ದಲಿಯ ಸದ್ದು. ಇಣುಕಿದೆ. ಇಸ್ತ್ರಿ ಮಾಡಿದ ಅಂಗಿಯ ನಾಲ್ವರು ಗಂಡಸರು, ನಿಂಬೆಹಣ್ಣು, ಕುಂಕುಮ, ಎದೆಮಟ್ಟದ ಹೊಂಡ. ನಿಧಿ ಹುಡುಕುತ್ತಿದ್ದರು. ನಾನೊಬ್ಬಳೇ. ಸೀಟಿ ಊದಿ, “ಎಲ್ಲಾ ಸುತ್ತ ನಿಲ್ಲಿ, ಒಬ್ರನ್ನೂ ಬಿಡಬೇಡಿ!” ಎಂದು ಇಲ್ಲದ ಜನರನ್ನು ಕೂಗಿದೆ. ಗುದ್ದಲಿ ಬಿಟ್ಟು ಓಡಿದರು. ಒಬ್ಬನ ಚಪ್ಪಲಿ ಉಳಿದಿತ್ತು. ಗುದ್ದಲಿ, ಚಪ್ಪಲಿ ಎರಡನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಠಾಣೆಗೆ ಹೋದೆ.

ಅಲ್ಲಿ ಕೂತಿದ್ದವರು ಕೇಳಿದರು, “ಎಂತ ಕಳುವಾತು?”

“ಕಳುವಾಗ್ಲಿಲ್ಲ. ಗವಿ ಅಗ್ದು ಹೊಂಡ ಮಾಡಿದ್ರು.”

“ಹೊಂಡಕ್ಕೆ ಕೇಸು ಹಾಕೂದು ಹ್ಯಾಂಗೆ ಮಾರಾಯ್ತಿ? ಮಣ್ಣು ಅಲ್ಲೇ ಉಂಟಲ್ಲ, ವಾಪಸ್ ತುಂಬು.”

ಗವಿಯ ನೆಲ ಅಂದರೆ ಪದರ ಪದರವಾಗಿ ಕೂತ ಹಳೇ ಕಾಲ. ಒಮ್ಮೆ ಕಲಕಿದ ಮೇಲೆ ತುಂಬಿದರೆ ಅದು ಬರೀ ಮಣ್ಣು. ಇದನ್ನು ಅವರಿಗೆ ಅರ್ಧ ಗಂಟೆ ಹೇಳಿದೆ. ಕೇಳಿ, ಚಪ್ಪಲಿ ಮಾತ್ರ ಬರೆದುಕೊಂಡರು, ‘ಸಿಕ್ಕಿದ ವಸ್ತು’ ಎಂದು.

ಇನ್ನೊಂದು ಸಂಗತಿ ಧಾರೇಶ್ವರದ ಹತ್ತಿರದ್ದು. ಹಳ್ಳಿಗಳಲ್ಲಿ ಬಿದ್ದ ವೀರಗಲ್ಲುಗಳನ್ನೆಲ್ಲ ರಕ್ಷಣೆಗಾಗಿ ಕಚೇರಿಯ ಅಂಗಳಕ್ಕೆ ತರಬೇಕೆಂದು ಮೇಲಿನಿಂದ ಆದೇಶವಾಯಿತು. ಒಂದು ಬಾವಿಕಟ್ಟೆಯ ಪಕ್ಕ ಅಂಥದೊಂದು ಕಲ್ಲಿತ್ತು. ಲಾರಿ ನಿಂತಾಗ ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೊನ್ನಮ್ಮ ಎಂಬಾಕೆ ಒದ್ದೆ ಸೀರೆಯಲ್ಲೇ ಬಂದು ಕಲ್ಲಿಗೆ ಬೆನ್ನು ಕೊಟ್ಟು ನಿಂತಳು. “ಇವ ನಮ್ಮೂರಿನ ದನ ಕಾಯೂಕೆ ಹೋಗಿ ಸತ್ತವ. ನಾವು ದಿನಾ ನೀರು ಹಾಕ್ತೆವು. ನಿಮ್ಮ ಆಫೀಸಲ್ಲಿ ಇವಗೆ ಯಾರು ನೀರು ಹಾಕ್ತ್ರು?” ಎಂದು ಕೇಳಿದಳು. ಲಾರಿಯವರು ನನ್ನ ಮುಖ ನೋಡಿದರು. ನಾನು ವಹಿಯಲ್ಲಿ ‘ಸ್ಥಳೀಯರ ವಿರೋಧದಿಂದ ಸಾಗಿಸಲಾಗಲಿಲ್ಲ’ ಎಂದು ಬರೆದೆ. ಆಗ ತಂದ ಉಳಿದ ಕಲ್ಲುಗಳು ಈಗಲೂ ಕಚೇರಿಯ ಹಿಂದೆ ಮುರಿದ ಕುರ್ಚಿಗಳ ಅಡಿಯಲ್ಲಿ ಮಲಗಿವೆ, ಯಾವ ಊರಿನದು ಯಾವುದು ಎಂಬ ಚೀಟಿಯೂ ಉದುರಿಹೋಗಿದೆ. ಹೊನ್ನಮ್ಮನ ಕಲ್ಲು ನಿಂತಲ್ಲೇ ನಿಂತಿದೆ. ಪಾಠ ಕಲಿಯಬೇಕಾದವರು ಯಾರು ಎಂದು ನನ್ನನ್ನು ಕೇಳಬೇಡಿ.

ಕೆಲಸದ ರೀತಿ ಬದಲಾಯಿತು. ವಹಿ ಹೋಗಿ ಮೊಬೈಲು ಬಂತು. ತಾಣದ ಫೋಟೋ ತೆಗೆದು ಕಳಿಸಿದರೆ ಹಾಜರಿ. ಒಳ್ಳೆಯದೇ. ಆದರೆ ರಸ್ತೆಯಲ್ಲಿ ಬೈಕು ನಿಲ್ಲಿಸಿ, ಇಳಿಯದೇ ಫೋಟೋ ತೆಗೆದು ಹೋಗುವವರನ್ನು ನಾನೇ ಕಂಡಿದ್ದೇನೆ. ಗೋಡೆಯ ಹಿಂದೆ ಆಲದ ಬೇರು ಕೈ ದಪ್ಪವಾಗಿ ಕಲ್ಲುಗಳನ್ನು ಬಿಚ್ಚುತ್ತಿರುತ್ತದೆ, ಫೋಟೋದಲ್ಲಿ ಮುಂಬಾಗಿಲು ನಗುತ್ತಿರುತ್ತದೆ. ದಯವಿಟ್ಟು ಇಳಿಯಿರಿ. ಹಿಂದಕ್ಕೆ ಹೋಗಿ ನೋಡಿ.

ಕೊನೆಯ ಹತ್ತು ವರ್ಷ ನನ್ನದು ಹೊನ್ನಾವರದ ಬೀಟು. ಶರಾವತಿಯ ದಂಡೆಯಲ್ಲಿ, ಬಿದ್ದುಹೋದ ಒಂದು ಹಳೇ ಇಗರ್ಜಿ ಇತ್ತು. ಚಿರೆಕಲ್ಲಿನ ಮೂರು ಗೋಡೆ, ಒಂದು ಕಮಾನು, ಸುತ್ತ ಕೆಲವು ಸಮಾಧಿ. ಊರಿನ ಕ್ರಿಸ್ತುವರಿಗೆ ರಸ್ತೆ ಪಕ್ಕ ಹೊಸ ಇಗರ್ಜಿ ಆಗಿ ಎಷ್ಟೋ ಕಾಲವಾಗಿದೆ. ಹಳೆಯದಕ್ಕೆ ವರ್ಷಕ್ಕೊಮ್ಮೆ ಸತ್ತವರ ಹಬ್ಬದ ದಿನ ಬಂದು ಮೇಣದಬತ್ತಿ ಹಚ್ಚುತ್ತಿದ್ದರು. ಅದು ಇಲಾಖೆಯ ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ನನ್ನ ಬೀಟೂ ಅಲ್ಲ. ಆದರೂ ದಾರಿಯಲ್ಲೇ ಸಿಗುತ್ತಿತ್ತು. ಹಿಂದೆ ಅಲ್ಲಿ ದೋಣಿ ದಾಟಿಸುತ್ತಿದ್ದ ಇನಾಸ ಎಂಬ ಮುದುಕ ದಿನವೂ ಕತ್ತಿ ಹಿಡಿದು ಗಿಡಗಂಟಿ ಸವರುತ್ತಿದ್ದ. ಅವನ ಅಜ್ಜನ ಅಪ್ಪನ ಸಮಾಧಿಯ ಚಪ್ಪಡಿ ಅಲ್ಲೇ ಇತ್ತು, ಕರಿಕಲ್ಲು, ಒಂದು ಶಿಲುಬೆ, ನಾಲ್ಕು ಸಾಲು ಅಕ್ಷರ. ನನ್ನನ್ನು ಅವನ ಕೊಂಕಣಿಯಲ್ಲಿ ‘ಬಾಯೆ’, ಅಂದರೆ ತಂಗಿ, ಎಂದು ಕರೆಯುತ್ತಿದ್ದ. ನನಗಾಗಿ ಒಂದು ಕಲ್ಲಿನ ಧೂಳು ಒರೆಸಿ, “ಕೂತ್ಕೊ ಬಾಯೆ” ಎನ್ನುತ್ತಿದ್ದ.

ನಿವೃತ್ತಿಗೆ ಎರಡು ವರ್ಷವಿರುವಾಗ ಸೈಕಲ್ ದಾರಿಯ ಯೋಜನೆ ಬಂತು. ಆಗ ನಮಗೆ ಕಿರಣ್ ಎಂಬ ಹೊಸ ಸಾಹೇಬರಿದ್ದರು. ಓದಿದವರು, ಮೆತ್ತಗೆ ಮಾತಾಡುವವರು. “ಮಾದೇವಿಯವರೇ, ನಿಮ್ಮಷ್ಟು ದಾರಿ ಗೊತ್ತಿರುವವರು ಇಲ್ಲ” ಎಂದು ನನ್ನನ್ನು ಜೊತೆಗೆ ಕರೆದರು. ಸಂತೋಷದಿಂದ ಹೋದೆ. ಯಾವ ಒಳದಾರಿಯಲ್ಲಿ ನೆರಳಿದೆ, ಎಲ್ಲಿ ಸಿಹಿನೀರಿನ ಬಾವಿಯಿದೆ, ಯಾವ ತಿಂಗಳು ಗವಿಗೆ ಹೋಗಬಾರದು, ಎಲ್ಲ ಹೇಳಿದೆ, ಅವರು ಬರೆದುಕೊಂಡರು. ಗವಿಗೆ ದೀಪ ಬೇಡ, ಬಾವಲಿ ಬಿಟ್ಟುಹೋಗುತ್ತವೆ ಎಂದೆ. ಬರೆದುಕೊಂಡರು. ದೀಪವೂ ಬಂತು, ಸಿಮೆಂಟಿನ ಮೆಟ್ಟಿಲೂ ಬಂತು, ಬಾವಲಿಗಳು ಹೋದವು.

ಇನಾಸನ ಇಗರ್ಜಿ ತೋರಿಸಿದಾಗ, “ಸರ್, ಇದನ್ನ ಪಟ್ಟಿಗೆ ಸೇರಿಸಿ. ಆಗ ಯಾರೂ ಕೈ ಹಾಕೂದಿಲ್ಲ” ಎಂದೆ. “ಪ್ರಸ್ತಾವ ಕಳಿಸೋಣ” ಎಂದರು. ಕಳಿಸಲಿಲ್ಲ. ಪ್ರವಾಸಿಗರ ನಕ್ಷೆಯಲ್ಲಿ ಮಾತ್ರ ಅದಕ್ಕೊಂದು ಅಂಕಿ ಕೊಟ್ಟರು.

ನಿವೃತ್ತಿಗೆ ಎರಡು ತಿಂಗಳಿರುವಾಗ ಒಂದು ಬೆಳಿಗ್ಗೆ ಇನಾಸನ ಫೋನು. ಉಸಿರು ಸಿಗುತ್ತಿರಲಿಲ್ಲ ಅವನಿಗೆ. “ಬಾಯೆ, ಕಲ್ಲು ಹೊತ್ಕಂಡು ಹೋಗ್ತಾ ಇದ್ರು. ಸಾಯ್ಬಾ, ದೇವರೇ, ಗೋಡೆ ತೆಗೀತಾ ಇದ್ರು!”

ಸೈಕಲ್ ಹತ್ತಿ ಹೋದೆ. ಹೋಗುವಷ್ಟರಲ್ಲಿ ಎರಡು ಗೋಡೆ ಇರಲಿಲ್ಲ. ಸ್ವಲ್ಪ ದೂರದಲ್ಲಿ, ಸೈಕಲ್ ಸವಾರರು ಕೂತು ದಣಿವಾರಿಸಿಕೊಳ್ಳಲೆಂದು ಒಂದು ಕಟ್ಟೆ ಏಳುತ್ತಿತ್ತು. ಇಗರ್ಜಿ ನೋಡಲು ಬರುವವರಿಗಾಗಿ, ಇಗರ್ಜಿಯ ಕಲ್ಲನ್ನೇ ಕಿತ್ತು! ಗುತ್ತಿಗೆದಾರ ನನ್ನನ್ನು ಕಂಡು ನಕ್ಕ. “ಅಕ್ಕಾ, ಬಿದ್ದ ಕಲ್ಲು. ಹಳೇ ಕಲ್ಲಲ್ಲಿ ಕಟ್ಟಿದ್ರೆ ಹಳೇದರ ಹಾಂಗೆ ಚಂದ ಕಾಣ್ತದೆ.”

ಕಿರಣ್ ಸಾಹೇಬರಿಗೆ ಅಲ್ಲಿಂದಲೇ ಫೋನು ಮಾಡಿದೆ. “ಅದು ನಮ್ಮ ಪಟ್ಟಿಯಲ್ಲಿ ಇಲ್ಲವಲ್ಲ ಮಾದೇವಿಯವರೇ. ಪಟ್ಟಿಯಲ್ಲಿ ಇಲ್ಲದ ಕಲ್ಲಿಗೆ ನಾವು ಹೇಗೆ ಆಕ್ಷೇಪ ಮಾಡುವುದು? ನಿಮಗೆ ಎರಡು ತಿಂಗಳು ಉಳಿದಿದೆ, ನೆಮ್ಮದಿಯಾಗಿರಿ” ಎಂದರು.

“ಬರ್ದು ಕೊಡಿ ಸರ್, ಪಟ್ಟಿಲಿ ಇಲ್ಲ, ಕಲ್ಲು ನಮ್ಮದಲ್ಲ ಅಂದೇಳಿ.”

ಅದನ್ನು ಮಾತ್ರ ಸಂಜೆಯೊಳಗೆ ಬರೆದು ಕಳಿಸಿದರು.

ಮಾರನೇ ದಿನ ಕೆಲಸದವನೊಬ್ಬ ಇನಾಸನಿಗೆ ಮೆಲ್ಲಗೆ ಹೇಳಿದ, ಕಟ್ಟೆಯ ಮೊದಲನೇ ಮೆಟ್ಟಿಲಿನ ಕಲ್ಲಿನಡಿ ಅಕ್ಷರ ಇದೆ ಎಂದು. ಇನಾಸ ಸಮಾಧಿಯ ಕಡೆ ಓಡಿ ನೋಡಿದ. ಚಪ್ಪಡಿಯ ಜಾಗದಲ್ಲಿ ಹಸಿ ಮಣ್ಣು. ನಾನು ಹೋದಾಗ ಅವನು ಆ ಮೆಟ್ಟಿಲ ಮುಂದೆ ನೆಲದ ಮೇಲೆ ಕೂತಿದ್ದ. ಕಟ್ಟೆ ಮುಗಿದಿತ್ತು, ಕೆಲಸದವರು ಹೋಗಿಯಾಗಿತ್ತು. “ಇದರ ಮೇಲೆ ಕಾಲಿಟ್ಟು ಹತ್ತೂದು ಬಾಯೆ, ಎಲ್ಲಾರೂ” ಎಂದ. ಎಂಬತ್ತು ದಾಟಿದ ಗಂಡಸು ಮಗುವಿನ ಹಾಗೆ ಅತ್ತದ್ದನ್ನು ನಾನು ಅಂದೇ ನೋಡಿದ್ದು.

ಅವನ ಮನೆಯಿಂದ ಹಾರೆ ತಂದೆ. ನಾನು ಸರಕಾರಿ ನೌಕರಳು, ಮೈಮೇಲೆ ಇಲಾಖೆಯ ಸಮವಸ್ತ್ರದ ಸೀರೆ. ಸಿಮೆಂಟು ಪೂರ್ತಿ ಗಟ್ಟಿಯಾಗಿರಲಿಲ್ಲ. ಹೊಳೆಯಲ್ಲಿ ಬಳಚಿನ ಚಿಪ್ಪು ಹೆಕ್ಕಿ ಬರುತ್ತಿದ್ದ ಐದಾರು ಹೆಂಗಸರು ನಿಂತು, “ಎಂತ ಮಾಡ್ತಿದ್ರಿ ಮಾದೇವಕ್ಕಾ?” ಎಂದರು. ಹೇಳಿದೆ. ಬುಟ್ಟಿ ಕೆಳಗಿಟ್ಟು ಬಂದರು. ಚಪ್ಪಡಿ ಎದ್ದಾಗ ಇನಾಸ ಬಗ್ಗಿ ಅಂಗಿಯ ತುದಿಯಿಂದ ಅಕ್ಷರದೊಳಗಿನ ಸಿಮೆಂಟು ಒರೆಸತೊಡಗಿದ. ಹಗ್ಗ, ಬಿದಿರು ತಂದು, ಹೆಂಗಸರೆಲ್ಲ ಹೊತ್ತು ಅದನ್ನು ಅದರ ಜಾಗಕ್ಕೆ ಸೇರಿಸಿದೆವು. ಯಾರೂ ಜಾತಿ ಕೇಳಲಿಲ್ಲ, ದೇವರು ಯಾವುದು ಎಂದೂ ಕೇಳಲಿಲ್ಲ. ಒಬ್ಬಳು ಮಾತ್ರ, “ಸತ್ತವರ ಕಲ್ಲು ತುಳಿಯೂಕೆ ಆಗ್ತದಾ?” ಎಂದಳು.

ವಾರದೊಳಗೆ ವಿಚಾರಣೆ. ಮೇಲಿನ ಕಚೇರಿಯಿಂದ ಬಂದ ಅಧಿಕಾರಿ ಗಂಭೀರವಾಗಿ ಓದಿದರು: ಸರಕಾರಿ ಆಸ್ತಿಗೆ ಹಾನಿ, ಸೇವಾ ನಡತೆಗೆ ವಿರುದ್ಧ. ಕಿರಣ್ ಸಾಹೇಬರು ಪಕ್ಕದಲ್ಲಿ ಮೇಜು ನೋಡುತ್ತ ಕೂತಿದ್ದರು.

“ಮೆಟ್ಟಿಲು ಕಿತ್ತದ್ದು ಒಪ್ಪಿಕೊಳ್ತೀರಾ?”

“ಒಪ್ಪಿಕೊಳ್ತೆ ಸರ್. ಆ ಕಲ್ಲು ಸರಕಾರಕ್ಕೆ ಎಲ್ಲಿಂದ ಬಂತು, ಅದನ್ನೂ ಬರ್ಕೊಳ್ಳಿ.”

“ಅದು ಇಲ್ಲಿ ಪ್ರಶ್ನೆಯಲ್ಲ.”

“ಅದೇ ಪ್ರಶ್ನೆ ಸರ್. ಆ ಜಾಗದ ಕಲ್ಲು ನಮ್ಮದಲ್ಲ ಅಂದೇಳಿ ಸಾಹೇಬ್ರು ನನಗೆ ಬರ್ದು ಕೊಟ್ಟಿದ್ರು.” ಕಾಗದ ಮೇಜಿನ ಮೇಲಿಟ್ಟೆ. “ಅಲ್ಲಿದ್ದಾಗ ಸರಕಾರದ್ದಲ್ಲ. ಇಪ್ಪತ್ತು ಮಾರು ಈಚೆ ತಂದ್ರೆ ಸರಕಾರದ್ದು ಹ್ಯಾಂಗಾಗ್ತದೆ? ಒಂದೋ ಅದು ಸಮಾಧಿಯ ಕಲ್ಲು, ಕದ್ದವರನ್ನ ಕರೀರಿ. ಇಲ್ಲ, ಅದು ಸರಕಾರದ ಮೆಟ್ಟಿಲು. ಹಾಗಾದ್ರೆ ಸಮಾಧಿ ಅಗೀಲಿಕ್ಕೆ ಯಾರು ಹೇಳಿದ್ರು ಅಂದೇಳಿ ಬರೀರಿ. ಬರ್ದದ್ದಕ್ಕೆ ನಾನು ಸಹಿ ಹಾಕ್ತೆ.”

ಅಧಿಕಾರಿ ಆ ಕಾಗದವನ್ನು ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ಹಾಕಿದರು. “ಆತು, ನೀವು ಹೊರಡಿ” ಎಂದರು. ಆ ವಿಚಾರಣೆಯ ಬಗ್ಗೆ ಮತ್ತೆ ಒಂದು ಅಕ್ಷರವೂ ಬರಲಿಲ್ಲ. ಕಿರಣ್ ಸಾಹೇಬರು ಹೊರಗೆ ಬಂದು, “ನನ್ನನ್ನು ತಪ್ಪು ತಿಳಿಯಬೇಡಿ” ಎಂದರು. ತಪ್ಪು ತಿಳಿದುಕೊಂಡೆ. ಈಗಲೂ ಹಾಗೇ ತಿಳಿದಿದ್ದೇನೆ. ಒಂದು ಪತ್ರ, ಒಂದೇ ಒಂದು ಪ್ರಸ್ತಾವ ಹೊತ್ತಿಗೆ ಸರಿಯಾಗಿ ಹೋಗಿದ್ದರೆ ಆ ಗೋಡೆ ಉಳಿಯುತ್ತಿತ್ತು. ಕೆಟ್ಟವರಿಂದ ಹಾಳಾದದ್ದಕ್ಕಿಂತ ಹೆಚ್ಚು ಕಲ್ಲುಗಳು ಇಂಥ ಮೆತ್ತಗಿನ ಒಳ್ಳೆಯವರಿಂದ ಹಾಳಾದದ್ದನ್ನು ನಾನು ಕಂಡಿದ್ದೇನೆ.

ಚಪ್ಪಡಿ ಉಳಿಯಿತು, ಗೋಡೆ ವಾಪಸು ಬರಲಿಲ್ಲ. ಕಟ್ಟೆಗೆ ಬೇರೆ ಮೆಟ್ಟಿಲು ಹಾಕಿ ಉದ್ಘಾಟನೆ ಮಾಡಿದರು. ಕಮಾನಿಗೆ ಆಸರೆಯಿಲ್ಲದೆ ಅದೂ ಮೊದಲ ಮಳೆಗೆ ಕುಸಿಯಿತು. ಇನಾಸ ಈಗಲೂ ಹೋಗುತ್ತಾನೆ, ಉಳಿದ ಒಂದು ಗೋಡೆಯ ಬುಡದಲ್ಲಿ ಗಿಡ ಸವರುತ್ತಾನೆ. ನಾನೂ ವಾರಕ್ಕೊಮ್ಮೆ ಹೋಗುತ್ತೇನೆ. ಸಂಬಳವಿಲ್ಲ, ವಹಿಯಿಲ್ಲ.

ಕಳೆದ ಭಾನುವಾರ ಕಟ್ಟೆಯ ಮೇಲೆ ಮೂವರು ಸೈಕಲ್ ಸವಾರರು ಕೂತಿದ್ದರು. ಒಬ್ಬಳು ಹುಡುಗಿ, ಇಬ್ಬರು ಹುಡುಗರು. ಬಾಟಲಿಯ ನೀರು ಕುಡಿಯುತ್ತ ನಕ್ಷೆ ಹರಡಿಕೊಂಡಿದ್ದರು. ಹುಡುಗಿ ನನ್ನನ್ನು ಕರೆದು ಕೇಳಿದಳು, “ಅಮ್ಮಾ, ಇಲ್ಲೆಲ್ಲೋ ಹಳೇ ಚರ್ಚ್ ಇದೆ ಅಂತ ತೋರಿಸ್ತಿದೆ. ಅರ್ಧ ಗಂಟೆಯಿಂದ ಹುಡುಕ್ತಾ ಇದೀವಿ. ಎಲ್ಲಿ ಬರುತ್ತೆ?”

“ನೀವು ಅದರ ಮೇಲೇ ಕೂತಿದ್ರಿ” ಎಂದೆ.

ಮೂವರೂ ಎದ್ದು ನಿಂತರು.